ಪಲ್ಪರ್ ಮನೆಯ ಹಿಂದಿನ ಪ್ರಯೋಗಾಲಯ

ಸಕಲೇಶಪುರದಲ್ಲಿ ನೀರು ನೂರು ಡಿಗ್ರಿಗೆ ಕುದಿಯುವುದಿಲ್ಲ. ಊರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಮೇಲೆ ಹೋದಷ್ಟೂ ಗಾಳಿಯ ಒತ್ತಡ ಇಳಿಯುವುದರಿಂದ ಇಲ್ಲಿ 97 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೇ ನೀರು ಕೊತಕೊತ ಎನ್ನುತ್ತದೆ. ಈ ಸೀಮೆಯ ಯಾವುದಾದರೂ ಪ್ರಯೋಗಾಲಯದಲ್ಲಿ ಕುದಿಯುವ ನೀರಿಗೆ ಥರ್ಮಾಮೀಟರ್ ಇಟ್ಟ ವಿದ್ಯಾರ್ಥಿಗೆ 97 ಕಾಣಿಸುತ್ತದೆ. ಆತ ಅಕ್ಕಪಕ್ಕ ನೋಡಿ ರೆಕಾರ್ಡ್ ಬುಕ್ಕಿನಲ್ಲಿ 100 ಎಂದು ಬರೆಯುತ್ತಾನೆ. ಥರ್ಮಾಮೀಟರ್ ಹಳೆಯದು, ಸರಿಯಿಲ್ಲ ಎಂದುಕೊಳ್ಳುತ್ತಾನೆ. ಕಣ್ಣೆದುರಿಗೆ ತಾನಾಗಿ ಬಂದು ನಿಂತ ಪ್ರಶ್ನೆಯೊಂದು ಪೆನ್ನಿನ ಒಂದು ಗೀಟಿನಲ್ಲಿ ಮುಗಿದುಹೋಗುತ್ತದೆ.

ಅವನನ್ನು ಬೈದು ಪ್ರಯೋಜನವಿಲ್ಲ. ನಮ್ಮ ಬಿ.ಎಸ್ಸಿ., ಬಿ.ಇ. ಪ್ರಾಕ್ಟಿಕಲ್‌ಗಳು ನಡೆಯುವುದೇ ‘ಬರಬೇಕಾದ ಉತ್ತರ’ದ ಮೇಲೆ. ಸೀನಿಯರ್‌ನ ರೆಕಾರ್ಡ್ ಸಿಕ್ಕರೆ ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ಬ್ಯುರೆಟ್ ರೀಡಿಂಗ್ ತುಂಬಿಬಿಡಬಹುದು. ಮೂರು ಸಲ ಟೈಟ್ರೇಷನ್ ಮಾಡಿ ಮೂರೂ ಸಲ ಒಂದೇ ಅಂಕಿ ಬಂದಂತೆ ತೋರಿಸುವ ಕಲೆ ಎಲ್ಲ ಕಾಲೇಜುಗಳಲ್ಲೂ ಪರಂಪರೆಯಾಗಿ ಬಂದಿದೆ. ಕೈ ಪಳಗಬೇಕಾದರೆ ಗೊತ್ತಿರುವ ಪ್ರಯೋಗವನ್ನೇ ಮೊದಲು ಮಾಡಬೇಕು, ಒಪ್ಪೋಣ. ಆದರೆ ಮೂರು ನಾಲ್ಕು ವರ್ಷ ಕಳೆದರೂ ಉತ್ತರ ಗೊತ್ತಿಲ್ಲದ ಒಂದೇ ಒಂದು ಪ್ರಶ್ನೆಯನ್ನು ಮುಟ್ಟದೆ ಹೊರಬಿದ್ದವರಿಗೆ ರಸಾಯನಶಾಸ್ತ್ರದ ಅರ್ಧ ಮುಖವೇ ಕಂಡಿರುವುದಿಲ್ಲ.

ಪದವಿಯಲ್ಲಿರುವಾಗಲೇ ಸಂಶೋಧನೆಗೆ ಇಳಿಯಬೇಕು ಎಂಬ ಮಾತು ಈಗ ಹೊಸದೇನಲ್ಲ. ಅಮೆರಿಕದ ಎಂಐಟಿಯಲ್ಲಿ ಮಾರ್ಗರೆಟ್ ಮ್ಯಾಕ್‌ವಿಕರ್ ಇದಕ್ಕೆಂದೇ ಒಂದು ಕಾರ್ಯಕ್ರಮ ಶುರುಮಾಡಿದ್ದು 1969ರಲ್ಲಿ. ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ, ಅಂದರೆ ಸಿ.ಎನ್.ಆರ್. ರಾವ್ ಅವರು 1989ರಲ್ಲಿ ಕಟ್ಟಿದ ಸಂಸ್ಥೆ, ಬಿ.ಎಸ್ಸಿ. ವಿದ್ಯಾರ್ಥಿಗಳನ್ನು ಬೇಸಿಗೆ ರಜೆಯಲ್ಲಿ ಕರೆಸಿಕೊಂಡು ಪ್ರಾಜೆಕ್ಟಿನ ಮೂಲಕ ರಸಾಯನಶಾಸ್ತ್ರ ಕಲಿಸುವ ‘ಪೋಸ್’ ಎಂಬ ಕಾರ್ಯಕ್ರಮ ನಡೆಸುತ್ತ ಬಂದಿದೆ. ಹೀಗಿದ್ದೂ ಆಲೂರಿನ ಪಾಳ್ಯದಿಂದಲೋ ಸಕಲೇಶಪುರದ ಯಸಳೂರಿನಿಂದಲೋ ಬಸ್ಸು ಹಿಡಿದು ಹಾಸನಕ್ಕೆ ಹೋಗಿಬರುವ ಹುಡುಗ ಹುಡುಗಿಯರಿಗೆ ಸಂಶೋಧನೆ ಎಂದರೆ ಬೆಂಗಳೂರಿನ ಗಾಜಿನ ಕಟ್ಟಡ, ಕೋಟಿ ರೂಪಾಯಿಯ ಯಂತ್ರ, ಇಂಗ್ಲಿಷಿನಲ್ಲಿ ಪಟಪಟ ಮಾತಾಡುವವರ ಬಾಬತ್ತು. ನನಗೆ ಈ ಅಂಜಿಕೆಯೇ ಹೆಚ್ಚು ತೊಡಕಿನದು ಅನ್ನಿಸುತ್ತದೆ. ಏಕೆಂದರೆ ನವೆಂಬರಿನಿಂದ ಫೆಬ್ರವರಿವರೆಗೆ ಈ ಗುಡ್ಡಗಳಲ್ಲಿ ಒಂದೊಂದು ದೊಡ್ಡ ತೋಟದಲ್ಲೂ ಒಂದೊಂದು ರಾಸಾಯನಿಕ ಕಾರ್ಖಾನೆ ನಡೆಯುತ್ತದೆ. ಅದಕ್ಕೆ ಪಲ್ಪರ್ ಮನೆ ಎನ್ನುತ್ತಾರೆ.

ಕೆಮಿಕಲ್ ಇಂಜಿನಿಯರಿಂಗ್‌ನ ಮೊದಲ ವರ್ಷದ ಪುಸ್ತಕ ತೆರೆದರೆ ಸಿಗುವ ಪಾಠಗಳು ಇವು: ಬೇರ್ಪಡಿಸುವುದು, ಕಲಕುವುದು, ಕ್ರಿಯೆ ನಡೆಸುವುದು, ತೊಳೆಯುವುದು, ಒಣಗಿಸುವುದು, ಕೊನೆಗೆ ಉಳಿದ ಕೊಳೆನೀರನ್ನು ಏನು ಮಾಡುವುದು. ಪಲ್ಪರ್ ಮನೆಯಲ್ಲಿ ಇವೆಲ್ಲ ಇದೇ ಕ್ರಮದಲ್ಲಿವೆ. ಕೊಯ್ದು ತಂದ ಅರೇಬಿಕಾ ಹಣ್ಣನ್ನು ನೀರಿನ ತೊಟ್ಟಿಗೆ ಸುರಿದರೆ ಜೊಳ್ಳು ತೇಲುತ್ತದೆ, ಗಟ್ಟಿ ಮುಳುಗುತ್ತದೆ. ಸಾಂದ್ರತೆಯ ವ್ಯತ್ಯಾಸದಿಂದ ಬೇರ್ಪಡಿಸುವುದೆಂದರೆ ಇದೇ. ಪಲ್ಪರ್ ಸಿಪ್ಪೆ ಸುಲಿಯುತ್ತದೆ. ಬೀಜಕ್ಕೆ ಅಂಟಿಕೊಂಡ ಲೋಳೆ ಹೋಗಲು ತೊಟ್ಟಿಯಲ್ಲಿ ಹುಳಿಯಲು ಬಿಡುತ್ತಾರೆ. ಆಮೇಲೆ ತೊಳೆತ. ಆಮೇಲೆ ಕಣದಲ್ಲಿ ಹರಡಿ, ದಿನಕ್ಕೆ ಹಲವು ಸಲ ಕೈಯಾಡಿಸಿ, ಸಂಜೆ ರಾಶಿ ಮಾಡಿ ಟಾರ್ಪಾಲು ಹೊದಿಸಿ, ತೇವ ನೂರಕ್ಕೆ ಹತ್ತರ ಹತ್ತಿರ ಇಳಿಯುವವರೆಗೆ ಒಣಗಿಸುವುದು. ಗೊತ್ತಾದ ಅಳತೆಯ ಫೋರ್ಲಿಟ್ ಡಬ್ಬದಲ್ಲಿ ತುಂಬಿ ತೂಗಿ, ತೂಕ ಒಂದು ಕಡೆ ನಿಂತಿತೆಂದರೆ ಹೊಟ್ಟು ಸಮೇತದ ಬೀಜ, ಅಂದರೆ ಪಾರ್ಚ್‌ಮೆಂಟ್ ಒಣಗಿತು ಎಂದು ಹಿಂದಿನ ರೈಟರುಗಳು ತೀರ್ಮಾನಿಸುತ್ತಿದ್ದರು. ಈಗ ಮಾಯಿಶ್ಚರ್ ಮೀಟರ್ ಬಂದಿದೆ. ಎರಡೂ ಅಳತೆ ಎಷ್ಟು ಹೊಂದುತ್ತವೆ ಎಂದು ಯಾವುದಾದರೂ ಒಂದು ತೋಟದಲ್ಲಿ ಒಂದು ಸೀಸನ್ ಪೂರ್ತಿ ಅಕ್ಕಪಕ್ಕ ಬರೆದಿಟ್ಟು ನೋಡಿದರೆ, ಅದೇ ಒಂದು ಪ್ರಾಜೆಕ್ಟ್.

ನನಗೆ ಇದರಲ್ಲಿ ಎಲ್ಲಕ್ಕಿಂತ ಸ್ವಾರಸ್ಯ ಕಾಣುವುದು ಹುಳಿಯುವ ತೊಟ್ಟಿಯಲ್ಲಿ. ಲೋಳೆಯಲ್ಲಿರುವುದು ಮುಖ್ಯವಾಗಿ ಪೆಕ್ಟಿನ್ ಮತ್ತು ಸಕ್ಕರೆ. ಹಣ್ಣಿನದೇ ಕಿಣ್ವಗಳು, ಜೊತೆಗೆ ಗಾಳಿ ನೀರಿನಿಂದ ಬಂದ ಯೀಸ್ಟ್ ಮತ್ತು ಬ್ಯಾಕ್ಟೀರಿಯಾ, ಅದನ್ನು ಕರಗಿಸುತ್ತವೆ. ಹುಳಿ ಹುಟ್ಟಿ ಪಿಎಚ್ ಇಳಿಯುತ್ತದೆ. ಎಷ್ಟು ಹೊತ್ತು ಬೇಕು? ಅರೇಬಿಕಾಕ್ಕೆ ಒಂದು ದಿನದಿಂದ ಒಂದೂವರೆ ದಿನ ಎನ್ನುವುದು ರೂಢಿಯ ಲೆಕ್ಕ. ಆದರೆ ಡಿಸೆಂಬರಿನ ಚಳಿ ರಾತ್ರಿ ಹಾನುಬಾಳಿನಲ್ಲಿ ಹಿಡಿಯುವಷ್ಟು ಹೊತ್ತು ಆಲೂರಿನ ಬಯಲಿನಲ್ಲಿ ಹಿಡಿಯುವುದಿಲ್ಲ. ಬೀಜವನ್ನು ಅಂಗೈಯಲ್ಲಿ ಉಜ್ಜಿದಾಗ ಜಾರದೆ ಗರಗರ ಎಂದರೆ ಆಯಿತು ಎಂದು ಅನುಭವಿಗಳು ಹೇಳುತ್ತಾರೆ. ಆ ಗರಗರ ತಡವಾದರೆ ಬೀಜಕ್ಕೆ ಹುಳಿವಾಸನೆ, ಬೇಗ ತೊಳೆದರೆ ಲೋಳೆ ಉಳಿದು ಕಣದಲ್ಲಿ ಬೂಷ್ಟು. ದರ ಹೋಗುವುದೇ ಇಲ್ಲಿ.

ಪದವಿಯ ಎರಡನೆಯ ವರ್ಷದ ವಿದ್ಯಾರ್ಥಿಗೆ ಕ್ರಿಯೆಯ ವೇಗ ಮತ್ತು ತಾಪಮಾನದ ಸಂಬಂಧವನ್ನು ಅರೀನಿಯಸ್ ಸಮೀಕರಣ ಎಂದು ಪಾಠ ಮಾಡಿರುತ್ತಾರೆ. ಒಂದು ಥರ್ಮಾಮೀಟರ್, ಒಂದು ಸಾಧಾರಣ ಪಿಎಚ್ ಮೀಟರ್, ಗಂಟೆಗೊಮ್ಮೆ ಎದ್ದು ಹೋಗಿ ಬರೆದುಕೊಳ್ಳುವ ಛಲ ಇದ್ದರೆ ಆ ಸಮೀಕರಣವನ್ನು ತಂದೆಯ, ದೊಡ್ಡಪ್ಪನ ಅಥವಾ ಪಕ್ಕದ ಎಸ್ಟೇಟಿನ ತೊಟ್ಟಿಯಲ್ಲೇ ಪರೀಕ್ಷೆಗೆ ಒಡ್ಡಬಹುದು. ಅದು ಅಲ್ಲಿ ಸರಿಯಾಗಿ ಹೊಂದುವುದೂ ಇಲ್ಲ, ಏಕೆಂದರೆ ತೊಟ್ಟಿಯೊಳಗೆ ಬದುಕಿರುವ ಜೀವಿಗಳಿವೆ, ತೊಟ್ಟಿಯ ನಡುವಿನ ಬಿಸಿ ಅಂಚಿನದಕ್ಕಿಂತ ಬೇರೆ. ಎಲ್ಲಿ ಹೊಂದಲಿಲ್ಲ, ಯಾಕೆ ಹೊಂದಲಿಲ್ಲ ಎಂದು ನೋಡುವುದರಲ್ಲೇ ಕೆಲಸವಿದೆ. ಇದನ್ನೇ ಬೇರೊಂದು ಕಾಫಿ ನಾಡಿನಲ್ಲಿ ಮಾಡಿದವರಿದ್ದಾರೆ. ಅಮೆರಿಕದ ಸಿಯಾಟಲ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞೆ ಸುಸಾನ್ ಜಾಕೆಲ್ಸ್ ನಿಕರಾಗುವಾದ ಸಣ್ಣ ಬೆಳೆಗಾರರ ತೊಟ್ಟಿಗಳ ಬಳಿ ಕೂತು, ಲೋಳೆ ಕರಗಿದ್ದನ್ನು ಪಿಎಚ್‌ನಂಥ ಸುಲಭ ಅಳತೆಗಳಿಂದ ಗುರುತಿಸಬಹುದೇ ಎಂದು ನೋಡಿ 2005ರಲ್ಲಿ ಪ್ರಬಂಧ ಪ್ರಕಟಿಸಿದರು. ದುಬಾರಿ ಯಂತ್ರದ ಪ್ರಶ್ನೆಯೇ ಅಲ್ಲಿರಲಿಲ್ಲ. ನಮ್ಮ ತಳಿ, ನಮ್ಮ ನೀರು, ನಮ್ಮ ಚಳಿ ಬೇರೆ. ಆದ್ದರಿಂದ ಅಲ್ಲಿಯ ಅಂಕಿಯನ್ನು ಇಲ್ಲಿಗೆ ಹೊತ್ತು ತಂದು ಹಚ್ಚಲಾಗದು. ಇಲ್ಲಿಯ ವಿದ್ಯಾರ್ಥಿಗೆ ಕೆಲಸ ಉಳಿದಿರುವುದು ಅದಕ್ಕೇ.

ಇನ್ನೊಂದು ವಿಚಿತ್ರ ನೋಡಿ. ಕ್ಯಾಲಿಫೋರ್ನಿಯಾದ ಡೇವಿಸ್‌ ವಿಶ್ವವಿದ್ಯಾಲಯದಲ್ಲಿ ವಿಲಿಯಂ ರಿಸ್ಟನ್‌ಪಾರ್ಟ್ ಮತ್ತು ಟೋನ್ಯಾ ಕೂಲ್ ಎಂಬ ಇಬ್ಬರು ಕೆಮಿಕಲ್ ಇಂಜಿನಿಯರಿಂಗ್ ಪ್ರಾಧ್ಯಾಪಕರು ಹೊಸ ವಿದ್ಯಾರ್ಥಿಗಳಿಗೆ ತಮ್ಮ ವಿಷಯವನ್ನು ಕಾಫಿಯ ಮೂಲಕವೇ ಕಲಿಸುವ ಕೋರ್ಸ್ ಕಟ್ಟಿದರು. ಹುರಿಯುವುದು ಶಾಖ ವರ್ಗಾವಣೆಯ ಪಾಠ, ಸೋಸುವುದು ದ್ರವದ ಹರಿವಿನ ಪಾಠ. ಅದು ಅಲ್ಲಿಯ ಜನಪ್ರಿಯ ಕೋರ್ಸುಗಳಲ್ಲಿ ಒಂದಾಯಿತು. ಕಾಫಿ ಗಿಡ ಬೆಳೆಯದ ಊರಿನವರು ಕಾಫಿಯಿಂದ ಇಂಜಿನಿಯರಿಂಗ್ ಕಲಿಯುತ್ತಾರೆ. ಕಾಫಿ ಹೂವಿನ ವಾಸನೆಯಲ್ಲೇ ಬೆಳೆದ ನಮ್ಮ ಮಕ್ಕಳು ಕಾರ್ಖಾನೆ ನೋಡಲು ವರ್ಷಕ್ಕೊಮ್ಮೆ ಟೂರ್ ಬಸ್ಸಿನಲ್ಲಿ ದೂರದ ಊರಿಗೆ ಹೋಗಿ, ಗೇಟಿನ ಮುಂದೆ ಫೋಟೊ ತೆಗೆಸಿಕೊಂಡು ಬರುತ್ತಾರೆ.

ಹಾಗೆ ನೋಡಿದರೆ ಮೈಸೂರು ಸಂಸ್ಥಾನದ ರಾಸಾಯನಿಕ ಉದ್ಯಮ ಶುರುವಾದದ್ದೂ ಮನೆಯಂಗಳದ ಪ್ರಶ್ನೆಯಿಂದಲೇ. ಮೊದಲ ಮಹಾಯುದ್ಧ ಬಂದು ಶ್ರೀಗಂಧದ ಕೊರಡು ಜರ್ಮನಿಗೆ ಹೋಗುವುದು ನಿಂತಾಗ, ಎಣ್ಣೆಯನ್ನು ಇಲ್ಲೇ ತೆಗೆಯಬಹುದೇ ಎಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಡ್‌ಬರೋ ಮತ್ತು ವಾಟ್ಸನ್ ಪ್ರಯೋಗ ಮಾಡಿದರು. ಬೆಂಗಳೂರಿನಲ್ಲಿ 1916ರಲ್ಲಿ, ಮೈಸೂರಿನಲ್ಲಿ 1917ರಲ್ಲಿ ಗಂಧದೆಣ್ಣೆ ಕಾರ್ಖಾನೆಗಳು ಬಂದವು. ಸಾಬೂನು ಅದರ ಬೆನ್ನಿಗೆ ಬಂತು.

ಪಲ್ಪರ್ ಮನೆ ಇಲ್ಲದ ಸಣ್ಣ ಹಿಡುವಳಿಯಲ್ಲೂ ಮಳೆಗಾಲದ ಮುಂಚೆ ನಡೆಯುವ ಇನ್ನೊಂದು ರಸಾಯನಶಾಸ್ತ್ರವಿದೆ: ಬೋರ್ಡೋ ಮಿಶ್ರಣ. ಫ್ರಾನ್ಸಿನ ದ್ರಾಕ್ಷಿ ತೋಟಗಳಿಂದ 1885ರ ಸುಮಾರಿಗೆ ಹೊರಟ ಈ ಮದ್ದನ್ನು ನಮ್ಮ ಅಡಿಕೆಯ ಕೊಳೆರೋಗಕ್ಕೆ ಹಚ್ಚಿ ತೋರಿಸಿದವರು ಕೆನಡಾದಿಂದ ಬಂದು ಮೈಸೂರು ಸರ್ಕಾರದ ಕೃಷಿ ಇಲಾಖೆ ಸೇರಿದ ಲೆಸ್ಲಿ ಕೋಲ್ಮನ್. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಶುರುವಾಗಿ ಇಂದು ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಾಗಿರುವ ಪ್ರಯೋಗ ಕೇಂದ್ರವೂ ಅವರ ಕಾಲದ್ದೇ. ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೂರು ಲೀಟರ್ ನೀರು. ಇದು ಶೇಕಡಾ ಒಂದರ ಮಿಶ್ರಣ. ಕಾಫಿಯ ಎಲೆ ತುಕ್ಕು ರೋಗಕ್ಕೆ ಇದರ ಅರ್ಧ ಸಾಕು. ಡ್ರಮ್ಮಿನಲ್ಲಿ ಬೆರೆಸಿದ ಮೇಲೆ ಹೊಳೆಯುವ ಕತ್ತಿಯ ಅಲಗನ್ನು ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು, ಇನ್ನಷ್ಟು ಹಾಕು. ಕೂಡಿಕೊಳ್ಳದೆ ಉಳಿದ ತಾಮ್ರ ಕಬ್ಬಿಣದ ಮೇಲೆ ಬಂದು ಕೂರುವುದೇ ಆ ಕೆಂಪು. ಅದನ್ನು ಹಾಗೇ ಸಿಂಪಡಿಸಿದರೆ ಎಲೆ ಸುಡುತ್ತದೆ. ಶಾಲೆ ಮೆಟ್ಟಿಲು ಹತ್ತದ ಆಳುಗಳಿಗೂ ಗೊತ್ತಿರುವ ಈ ಪರೀಕ್ಷೆ, ಲೋಹಗಳ ಕ್ರಿಯಾಶೀಲತೆಯ ಪಟ್ಟಿಯನ್ನು ಬಾಯಿಪಾಠ ಮಾಡಿದ ಎಷ್ಟೋ ಪದವೀಧರರಿಗೆ ಗೊತ್ತಿಲ್ಲ.

ಸಮಪಾಲು ಹಾಕಿದರೂ ಕೆಲವು ಸಲ ಕೆಂಪು ಯಾಕೆ ಕೂರುತ್ತದೆ? ಅಂಗಡಿಯ ಸುಣ್ಣದಲ್ಲಿ ಸುಣ್ಣ ಎಷ್ಟು, ಗಾಳಿಗೆ ಕೂತು ಸತ್ತುಹೋದದ್ದೆಷ್ಟು, ಮಣ್ಣು ಎಷ್ಟು ಎಂಬುದರ ಮೇಲೆ ಅದು ನಿಂತಿದೆ. ಆಮ್ಲ, ಇಂಡಿಕೇಟರ್, ಬ್ಯುರೆಟ್ ಇಷ್ಟೇ ಸಾಕು, ಬಾಳ್ಳುಪೇಟೆ, ಸಕಲೇಶಪುರ, ಆಲೂರು ಸಂತೆಗಳಲ್ಲಿ ಸಿಗುವ ಸುಣ್ಣದ ಬಲವನ್ನು ತಿಂಗಳಿಗೊಮ್ಮೆ ಅಳೆದು ಬರೆದಿಡಬಹುದು. ತಾಮ್ರದ ಕಡೆಗೆ ಹೋಗುವ ಮನಸ್ಸಿದ್ದರೆ ಇನ್ನೂ ದೊಡ್ಡ ಪ್ರಶ್ನೆ ಕಾದಿದೆ: ತಲೆಮಾರುಗಳಿಂದ ಸಿಂಪಡಿಸಿದ ತಾಮ್ರ ಮಣ್ಣಿನ ಮೇಲ್ಪದರದಲ್ಲಿ ಎಷ್ಟು ಉಳಿದಿದೆ? ತಾಮ್ರ ಕರಗಿ ಹರಿದು ಹೋಗುವ ಸ್ವಭಾವದ್ದಲ್ಲ, ಮಣ್ಣಿನ ಸಾವಯವ ಅಂಶಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ನಿಖರ ಅಳತೆಗೆ ಅಟಾಮಿಕ್ ಅಬ್ಸಾರ್ಪ್ಷನ್ ಯಂತ್ರ ಬೇಕು, ಅದಕ್ಕೆ ದೊಡ್ಡ ಸಂಸ್ಥೆಯ ಬಾಗಿಲು ತಟ್ಟಲೇಬೇಕು. ಆದರೆ ಅಮೋನಿಯಾ ಹಾಕಿದಾಗ ತಾಮ್ರ ಕೊಡುವ ಗಾಢ ನೀಲಿಯನ್ನು ಮೊಬೈಲ್ ಕ್ಯಾಮರಾದಲ್ಲಿ, ಒಂದೇ ಬೆಳಕಿನಲ್ಲಿ, ಗೊತ್ತಿರುವ ದ್ರಾವಣಗಳ ಪಕ್ಕದಲ್ಲಿಟ್ಟು ಅಂದಾಜು ಮಾಡುವುದನ್ನು ಕಾಲೇಜಿನಲ್ಲೇ ಕಲಿಯಬಹುದು. ಸಿಂಪಡಣೆಯ ಡ್ರಮ್ಮಿನ ತಿಳಿನೀರಿಗೆ ಅದು ಸಾಕು, ಮಣ್ಣಿಗೆ ಸಾಲದು. ಯಾವ ಉಪಕರಣ ಎಲ್ಲಿಯವರೆಗೆ ನಂಬಿಕೆಗೆ ಅರ್ಹ ಎಂದು ತಿಳಿಯುವುದು ಎಷ್ಟೋ ಎಂ.ಎಸ್ಸಿ. ಪಾಠಗಳಿಗಿಂತ ದೊಡ್ಡದು.

ಇನ್ನು ಹಳ್ಳದ ಮಾತು. ಮೂಡಿಗೆರೆ ತಾಲ್ಲೂಕಿನಲ್ಲಿ ಹುಟ್ಟಿ ಸಕಲೇಶಪುರದ ಮೇಲೆ ಹಾದು ಗೊರೂರಿನ ಅಣೆಕಟ್ಟೆ ಸೇರುವ ಹೇಮಾವತಿಗೆ ಈ ಗುಡ್ಡಗಳ ನೂರಾರು ಹಳ್ಳಗಳು ಬಂದು ಕೂಡುತ್ತವೆ. ಕೊಯ್ಲಿನ ಕಾಲದಲ್ಲಿ ಪಲ್ಪರ್‌ನಿಂದ ಹೊರಬರುವ ನೀರು ಹುಳಿ, ಸಕ್ಕರೆ, ಪೆಕ್ಟಿನ್ ತುಂಬಿದ ನೀರು, ಗಾಳಿಗೆ ಕಪ್ಪಾಗುತ್ತದೆ. ಅದರಲ್ಲಿ ವಿಷವಿರುವುದಕ್ಕಿಂತ ಹೆಚ್ಚಾಗಿ, ಅದನ್ನು ತಿನ್ನಲು ಬರುವ ಸೂಕ್ಷ್ಮಜೀವಿಗಳು ಹಳ್ಳದ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತವೆ. ಎಷ್ಟು ಹೀರಬಲ್ಲವು ಎಂಬ ಅಳತೆಗೆ ಬಿಓಡಿ ಎನ್ನುತ್ತಾರೆ. ಊರಿನ ಚರಂಡಿ ನೀರಿನಲ್ಲಿ ಅದು ಲೀಟರಿಗೆ ಕೆಲವು ನೂರು ಮಿಲಿಗ್ರಾಂ, ಪಲ್ಪರ್ ನೀರಿನಲ್ಲಿ ಕೆಲವು ಸಾವಿರ.

ನೀರಿನಲ್ಲಿರುವ ಆಮ್ಲಜನಕವನ್ನು ಅಳೆಯುವ ದಾರಿ ಹಂಗೇರಿಯ ಲಾಯೋಶ್ ವಿಂಕ್ಲರ್ 1888ರಲ್ಲಿ ಕೊಟ್ಟದ್ದು. ಆಗ ಅವನಿನ್ನೂ ಎಳೆಯ ಸಂಶೋಧಕ. ಹಳ್ಳದ ದಡದಲ್ಲೇ ಸೀಸೆ ತುಂಬಿ ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರ ಬೆರೆಸಿದ ಅಯೊಡೈಡ್ ಹಾಕಿದರೆ ನೀರಿನಲ್ಲಿ ಕರಗಿದ ಆಮ್ಲಜನಕವೆಲ್ಲ ಕಂದು ಗಸಿಯಾಗಿ ಹಿಡಿದುನಿಲ್ಲುತ್ತದೆ. ಮುಚ್ಚಳ ಬಿಗಿದು, ಬೆಳಕು ತಾಗದಂತೆ ಪೆಟ್ಟಿಗೆಯಲ್ಲಿಟ್ಟು, ಹಾಸನದ ಬಸ್ಸು ಹತ್ತಬಹುದು. ಕಾಲೇಜಿಗೆ ಹೋಗಿ ಆಮ್ಲ ಹಾಕಿ, ಥಯೋಸಲ್ಫೇಟ್‌ನಿಂದ ಟೈಟ್ರೇಟ್ ಮಾಡಿ, ಸ್ಟಾರ್ಚಿನ ನೀಲಿ ಮಾಯವಾಗುವ ಹನಿಯನ್ನು ಹಿಡಿದರೆ ಲೆಕ್ಕ ಬಂತು. ಹೀಗೆ ಬಸ್ಸಿನಲ್ಲಿ ಒಯ್ಯಬಹುದಾದ ಪ್ರಯೋಗಗಳು ಕಡಿಮೆ, ಅದಕ್ಕೇ ನನಗೆ ವಿಂಕ್ಲರ್ ಮೇಲೆ ವಿಶೇಷ ಗೌರವ.

ಇಲ್ಲಿಯೂ ಎತ್ತರದ ಲೆಕ್ಕ ಬರುತ್ತದೆ. ಪಠ್ಯದ ಕೋಷ್ಟಕದಲ್ಲಿ 25 ಡಿಗ್ರಿಯ ಶುದ್ಧ ನೀರು ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕ ಹಿಡಿದಿರುತ್ತದೆ ಎಂದಿದ್ದರೆ ಅದು ಸಮುದ್ರಮಟ್ಟದ ಮಾತು. ಸಕಲೇಶಪುರದಲ್ಲಿ ಅದು ಏಳೂವರೆಯ ಹತ್ತಿರವೇ ನಿಲ್ಲುತ್ತದೆ. ಗೊತ್ತಿಲ್ಲದವರು ನಿರ್ಮಲವಾದ ಹಳ್ಳಕ್ಕೂ ‘ಮಲಿನ’ ಎಂದು ಷರಾ ಬರೆದುಬಿಟ್ಟಾರು. ಬಿಓಡಿಗೆ ಐದು ದಿನ 20 ಡಿಗ್ರಿಯಲ್ಲಿ ಸೀಸೆ ಇಡಬೇಕೆಂಬುದು ಚಳಿ ದೇಶದ ಪದ್ಧತಿ. ಭಾರತೀಯ ಮಾನಕದಲ್ಲಿ ಮೂರು ದಿನ 27 ಡಿಗ್ರಿ ಎಂದಿದೆ. ಕರೆಂಟು ಕೈಕೊಡುವ ಊರಿನಲ್ಲಿ ಐದು ದಿನ ತಂಪು ಕಾಯುವುದಕ್ಕಿಂತ ಮೂರು ದಿನ ಬೆಚ್ಚಗಿಡುವುದು ಎಷ್ಟೋ ವಾಸಿ. ಆನೆಯ ವಿಚಾರವನ್ನೂ ಯೋಜನೆಯಲ್ಲೇ ಬರೆದುಕೊಳ್ಳಬೇಕು. ಆಲೂರು, ಸಕಲೇಶಪುರದ ತೋಟಗಳಲ್ಲಿ ಆನೆ ಎಲ್ಲಿದೆ ಎಂಬ ಮೆಸೇಜು ನೋಡದೆ ಬೆಳಿಗ್ಗೆ ಹಳ್ಳಕ್ಕೆ ಇಳಿಯುವಂತಿಲ್ಲ. ದಿನವೂ ಒಂದೇ ಹೊತ್ತಿಗೆ ನೀರು ತೆಗೆಯಬೇಕೆಂಬ ನಿಯಮ ಪಾಲಿಸಲು ಬೆಳಿಗ್ಗೆ ಆರಕ್ಕಿಂತ ಹತ್ತು ಗಂಟೆ ಇಟ್ಟುಕೊಳ್ಳುವುದು ಜಾಣತನ.

ಈ ಕೊಳೆನೀರಿನ ಮೇಲೆ ಕರ್ನಾಟಕದಲ್ಲೇ ಗಟ್ಟಿ ಕೆಲಸ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ಕೆ.ಎನ್. ರೆಡ್ಡಿ ಎಲೆಕ್ಟ್ರೋಕೆಮಿಸ್ಟ್ರಿಯಲ್ಲಿ ಜಗತ್ತಿನ ಕಾಲೇಜುಗಳು ಓದುವ ಪಠ್ಯ ಬರೆದವರು. ಅದೇ ಹಾದಿಯಲ್ಲಿ ಸುಖವಾಗಿ ಇರಬಹುದಾಗಿದ್ದ ಅವರು 1974ರಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಕಟ್ಟಿ ಹಳ್ಳಿಯ ಒಲೆ, ಗೋಬರ್ ಗ್ಯಾಸು, ಉರುವಲಿನ ಲೆಕ್ಕಕ್ಕೆ ಕೂತರು. ಆ ಕೇಂದ್ರದ ಎಚ್.ಎನ್. ಚಾಣಕ್ಯ ಕಾಫಿ ತೋಟದ ಕೊಳೆನೀರಿನಿಂದ ಜೈವಿಕ ಅನಿಲ ತೆಗೆಯುವ ರಿಯಾಕ್ಟರುಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಕಾಫಿ ಸಂಸ್ಕರಣೆಯ ಪರಿಸರ ತೊಡಕುಗಳ ಬಗ್ಗೆ ಡಿ ಆಲ್ವಿಸ್ ಜೊತೆ ಅವರು 2004ರಲ್ಲಿ ಬರೆದ ಪ್ರಬಂಧ ಈ ವಿಷಯಕ್ಕೆ ಇಳಿಯುವ ಯಾರೂ ಓದಬೇಕಾದದ್ದು. ಇಂಗ್ಲಿಷ್ ಕಷ್ಟವಾದರೆ ಕೋಷ್ಟಕಗಳಿಂದ ಶುರುಮಾಡಿ. ಅಂಕಿಗಳಿಗೆ ಭಾಷೆಯ ಹಂಗು ಕಡಿಮೆ.

ಕೆಮಿಕಲ್ ಇಂಜಿನಿಯರಿಂಗ್ ಓದುತ್ತಿರುವವರು ಇನ್ನೊಂದು ದಿಕ್ಕಿಗೂ ನೋಡಬಹುದು. ಮಂಗಳೂರಿನ ರಿಫೈನರಿಯಿಂದ ಪೆಟ್ರೋಲ್, ಡೀಸೆಲ್‌ಗಳು ಪೈಪಿನಲ್ಲಿ ಘಟ್ಟ ಹತ್ತಿ ಹಾಸನಕ್ಕೆ, ಅಲ್ಲಿಂದ ಬೆಂಗಳೂರಿಗೆ ಹೋಗುತ್ತವೆ. ಒಂದೇ ಪೈಪಿನಲ್ಲಿ ಒಂದರ ಹಿಂದೆ ಒಂದು. 900 ಮೀಟರ್ ಎತ್ತರಕ್ಕೆ ಡೀಸೆಲ್ ಏರಿಸಲು ಪೈಪಿನ ಘರ್ಷಣೆ ಬಿಟ್ಟು ಎತ್ತರಕ್ಕೇ 70 ಬಾರ್‌ಗೂ ಹೆಚ್ಚು ಒತ್ತಡ ಬೇಕು ಎಂಬುದನ್ನು ಪಿಯುಸಿ ಲೆಕ್ಕದಲ್ಲೇ ತೆಗೆಯಬಹುದು. ಎರಡು ಎಣ್ಣೆ ತಾಗುವಲ್ಲಿ ಎಷ್ಟು ಬೆರೆಯುತ್ತದೆ ಎಂಬುದು ಲ್ಯಾಪ್‌ಟಾಪಿನಲ್ಲಿ ಬಿಡಿಸಬಹುದಾದ ನಿಜವಾದ ಇಂಜಿನಿಯರಿಂಗ್ ಪ್ರಶ್ನೆ. ಶಿರಾಡಿಯ ರಸ್ತೆ ಕುಸಿದಾಗ ನಮಗೆ ಟ್ಯಾಂಕರುಗಳ ಸಾಲು ಕಾಣುತ್ತದೆ, ಪೈಪು ಕಾಣುವುದಿಲ್ಲ.

ಇಷ್ಟು ಚಿಕ್ಕ ವಯಸ್ಸಿನಲ್ಲಿ ಏನು ಸಾಧ್ಯ ಎಂದು ಕೇಳುವವರಿಗೆ ವಿಲಿಯಂ ಪರ್ಕಿನ್‌ನ ಉದಾಹರಣೆ ಎಲ್ಲರೂ ಕೊಡುತ್ತಾರೆ, ನಾನೂ ಕೊಡುತ್ತೇನೆ, ಮಲೆನಾಡಿನವರಿಗೆ ಅದು ಹತ್ತಿರದ ಕತೆ. ಚಳಿಜ್ವರದ ಕ್ವಿನೈನನ್ನು ಕೃತಕವಾಗಿ ಮಾಡಲು ಹೊರಟ ಹದಿನೆಂಟರ ಹುಡುಗ 1856ರ ಈಸ್ಟರ್ ರಜೆಯಲ್ಲಿ ಲಂಡನ್ನಿನ ಮನೆಯ ಪ್ರಯೋಗಾಲಯದಲ್ಲಿ ಸೋತ. ಸೀಸೆಯಲ್ಲಿ ಕಪ್ಪು ಕೆಸರು ಉಳಿಯಿತು. ತೊಳೆದು ಚೆಲ್ಲುವ ಬದಲು ಅದು ಆಲ್ಕೊಹಾಲಿನಲ್ಲಿ ನೇರಳೆಯಾಗುವುದನ್ನು ನೋಡಿದ. ಜಗತ್ತಿನ ಮೊದಲ ದೊಡ್ಡ ಕೃತಕ ಬಣ್ಣ ಅಲ್ಲಿಂದ ಬಂತು. ಇನ್ನೊಂದು ಕಾಕತಾಳೀಯವೂ ಇದೆ. ಕಾಫಿಯಿಂದ ಕೆಫೀನನ್ನು ರುಂಗೆ, ಮೆಣಸಿನಿಂದ ಪೈಪರೀನನ್ನು ಅರ್ಸ್ಟೆಡ್ ಬೇರ್ಪಡಿಸಿದ್ದು ಒಂದೇ ವರ್ಷ, 1819ರಲ್ಲಿ. ಸಕಲೇಶಪುರದ ತೋಟದಲ್ಲಿ ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯೂ ಅದರ ಬುಡದ ಕಾಫಿ ಗಿಡವೂ ರಸಾಯನಶಾಸ್ತ್ರದ ಚರಿತ್ರೆಗೆ ಜೊತೆಯಲ್ಲೇ ಪ್ರವೇಶಿಸಿದವು. ಕೆಫೀನ್ ತೆಗೆಯುವ ಪ್ರಯೋಗವನ್ನು ಇಂದು ಎಲ್ಲ ಕಾಲೇಜಿನಲ್ಲೂ ಮಾಡಿಸುತ್ತಾರೆ, ಅದರಲ್ಲಿ ಹೊಸದಿಲ್ಲ. ಆದರೆ ಗುಂಡಿಗೆ ಹಾಕಿದ ಕಾಫಿ ಸಿಪ್ಪೆಯಲ್ಲಿ ಒಂದು ಮಳೆಗಾಲ ಕಳೆದ ಮೇಲೆ ಎಷ್ಟು ಕೆಫೀನ್ ಉಳಿದಿರುತ್ತದೆ ಎಂದು ಅದೇ ಪ್ರಯೋಗದಿಂದ ಕೇಳಿದರೆ, ರೆಕಾರ್ಡ್ ಬುಕ್ಕಿನಲ್ಲಿ ಉತ್ತರ ಸಿಗುವುದಿಲ್ಲ.

ಇಷ್ಟು ಮಾಡಿದವರು ಹೊರಗೆ ಕಾಲಿಡಲು ದಾರಿಗಳಿವೆ. ಸಕಲೇಶಪುರದ ಪಕ್ಕದ ದೋಣಿಗಲ್‌ನಲ್ಲಿ ಸಂಬಾರ ಮಂಡಳಿಯ ಏಲಕ್ಕಿ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಬಾಳೆಹೊನ್ನೂರು ಇದೆ. ಆಹಾರ ರಸಾಯನಶಾಸ್ತ್ರದ ಕಡೆ ಮನಸ್ಸಿದ್ದರೆ ಮೈಸೂರಿನ ಸಿಎಫ್‌ಟಿಆರ್‌ಐ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ದೆಹಲಿ ಮತ್ತು ಪ್ರಯಾಗರಾಜ್‌ನ ಅಕಾಡೆಮಿಗಳ ಜೊತೆ ಸೇರಿ ಬೇಸಿಗೆಯಲ್ಲಿ ಎರಡು ತಿಂಗಳ ಸಂಶೋಧನಾ ಫೆಲೋಶಿಪ್ ಕೊಡುತ್ತದೆ. ಅರ್ಜಿ ಕರೆಯುವುದು ಸಾಮಾನ್ಯವಾಗಿ ಮಳೆ ಮುಗಿದು ಕೊಯ್ಲು ಶುರುವಾಗುವ ಹೊತ್ತಿಗೆ. ಮನೆಯವರೆಲ್ಲ ತೋಟದಲ್ಲಿರುವಾಗ ಮಕ್ಕಳು ದಿನಾಂಕ ಮರೆಯುವುದು ಹೆಚ್ಚು. ಇಂಜಿನಿಯರಿಂಗ್ ಕೊನೆಯ ವರ್ಷದವರ ಪ್ರಾಜೆಕ್ಟುಗಳಿಗೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1970ರ ದಶಕದಿಂದಲೂ ಸಣ್ಣ ಮೊತ್ತದ ನೆರವು ಕೊಡುತ್ತ ಬಂದಿದೆ. ಹಾಸನದಲ್ಲೇ 1960ರಿಂದ ಇರುವ ಮಲೆನಾಡು ಇಂಜಿನಿಯರಿಂಗ್ ಕಾಲೇಜು, ಸರ್ಕಾರಿ ವಿಜ್ಞಾನ ಕಾಲೇಜುಗಳ ಪ್ರಯೋಗಾಲಯಗಳನ್ನು ನಮ್ಮವರು ಪರೀಕ್ಷೆಯ ದಿನಕ್ಕಷ್ಟೇ ಬಳಸುವುದು ದುಃಖದ ಸಂಗತಿ.

ಪ್ರಾಧ್ಯಾಪಕರಿಗೆ ಬರೆಯುವ ಇಮೇಲಿನ ಬಗ್ಗೆ ಒಂದು ಮಾತು. ತಮ್ಮ ಹೆಸರಾಂತ ಸಂಸ್ಥೆಯಲ್ಲಿ ಕಲಿಯುವ ಮಹದಾಸೆ ಎಂಬ ಒಕ್ಕಣೆ ಅವರಿಗೆ ದಿನಕ್ಕೆ ಎಷ್ಟೋ ಬರುತ್ತದೆ, ಓದದೆ ಅಳಿಸುತ್ತಾರೆ. ‘ನಮ್ಮ ತೋಟದ ತೊಟ್ಟಿಯಲ್ಲಿ ಪಿಎಚ್ ಹೀಗೆ ಇಳಿಯಿತು, ರಾತ್ರಿ ಇಂಥ ಹೊತ್ತಿಗೆ ಇಳಿಯುವುದು ನಿಂತಿತು, ಯಾಕೆಂದು ಗೊತ್ತಾಗಲಿಲ್ಲ’ ಎಂದು ನಾಲ್ಕು ಸಾಲು ಬರೆದು ಒಂದು ಗ್ರಾಫ್ ಅಂಟಿಸಿದರೆ ಉತ್ತರ ಬರುವ ಸಾಧ್ಯತೆ ಹೆಚ್ಚು. ಅಂಕಪಟ್ಟಿ ಎಲ್ಲರ ಹತ್ತಿರ ಇದೆ, ಆ ಗ್ರಾಫ್ ಇರುವುದು ನಿಮ್ಮೊಬ್ಬರ ಹತ್ತಿರ.

ಕಾಲೇಜಿನ ಅಧ್ಯಾಪಕರ ಕಷ್ಟವೂ ನಿಜ. ವಾರದ ಪಾಠದ ಹೊರೆ, ಅತಿಥಿ ಉಪನ್ಯಾಸಕರ ಅನಿಶ್ಚಿತ ಬದುಕು, ಕೆಮಿಕಲ್ ತರಿಸಲು ಮೂರು ಸಹಿ. ನಾಲ್ಕನೆಯ ವರ್ಷವನ್ನು ಸಂಶೋಧನೆಗೆ ಮೀಸಲಿಟ್ಟ ಪದವಿಯನ್ನು ಕರ್ನಾಟಕ 2021ರಲ್ಲಿ ದೇಶದಲ್ಲೇ ಮೊದಲಿಗೆ ಜಾರಿಗೆ ತಂದು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ಆ ವಾದ ಪ್ರತಿವಾದ ಇಲ್ಲಿ ಬೇಡ, ನಾಲ್ಕನೆಯ ವರ್ಷ ಇದ್ದಾಗಲೂ ಅದಕ್ಕೆ ಬೇಕಾದ ಪ್ರಯೋಗಾಲಯಗಳು ಗ್ರಾಮಾಂತರ ಕಾಲೇಜುಗಳಿಗೆ ಬಂದಿರಲಿಲ್ಲ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಬಿ.ಜಿ.ಎಲ್. ಸ್ವಾಮಿ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಪಶ್ಚಿಮ ಘಟ್ಟಗಳಲ್ಲಿ ಅಲೆದ ಕತೆ ‘ಹಸುರು ಹೊನ್ನು’ ಪುಸ್ತಕವಾಗಿ 1978ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಸಸ್ಯಶಾಸ್ತ್ರದವರಿಗೆ ಕಾಡಿಗೆ ಹೋಗುವುದು ಪಠ್ಯದ ಭಾಗ. ಕೆಮಿಸ್ಟ್ರಿಯವರು ಮಾತ್ರ ಕಿಟಕಿ ಮುಚ್ಚಿ ಒಳಗೇ ಉಳಿದುಬಿಟ್ಟರು.

ಇದರಿಂದ ಕೆಲಸ ಸಿಗುತ್ತದಾ ಎಂದು ಮನೆಯಲ್ಲಿ ಕೇಳಿಯೇ ಕೇಳುತ್ತಾರೆ. ನೇರವಾಗಿ ಸಿಗುವುದಿಲ್ಲ. ಔಷಧ ಕಂಪನಿಯ ಗುಣಮಟ್ಟ ವಿಭಾಗವೋ ನೀರು ಪರೀಕ್ಷೆಯ ಲ್ಯಾಬೋ ಸಂದರ್ಶನಕ್ಕೆ ಕರೆದಾಗ, ತಾನೇ ಅಳೆದ ಅಂಕಿಯ ತಪ್ಪುಒಪ್ಪುಗಳನ್ನು ವಿವರಿಸಬಲ್ಲ ಅಭ್ಯರ್ಥಿ ಬೇರೆಯಾಗಿ ಕಾಣುತ್ತಾನೆ, ಅಷ್ಟು ಹೇಳಬಹುದು.

ಕೊನೆಗೆ ಯಾವ ಫೆಲೋಶಿಪ್ ಅರ್ಜಿಯೂ ಕೇಳದ ತೊಡಕೊಂದು ಉಳಿಯುತ್ತದೆ. ಹಳ್ಳದ ಅಂಕಿ ಕೆಟ್ಟದಾಗಿ ಬಂದರೆ ಮೇಲಿನ ತೋಟ ಯಾರದೆಂದು ಊರಿಗೆಲ್ಲ ಗೊತ್ತು. ಸೋದರಮಾವನದೇ ಇರಬಹುದು. ಮೊದಲೇ ಹೋಗಿ ಯಜಮಾನರಿಗೆ ವಿಷಯ ತಿಳಿಸಿ ಒಪ್ಪಿಗೆ ಪಡೆಯುವುದು, ವರದಿಯಲ್ಲಿ ‘ತೋಟ ಅ’, ‘ತೋಟ ಆ’ ಎಂದಷ್ಟೇ ಬರೆಯುವುದು, ಪಲ್ಪರ್‌ಗಿಂತ ಮೇಲೆ ಒಂದು ಕೆಳಗೆ ಒಂದು ಸೀಸೆ ತುಂಬುವುದು, ಅಂಕಿಯನ್ನು ಎಲ್ಲರಿಗಿಂತ ಮೊದಲು ಅವರಿಗೇ ತೋರಿಸುವುದು, ಇಷ್ಟು ಮಾಡಬಹುದು. ಅಂಕಿಯನ್ನು ತಿದ್ದುವುದು ಮಾತ್ರ ಸಲ್ಲದು. ಅವರು ಮುನಿಸಿಕೊಂಡರೆ ಮುಂದಿನ ಸೀಸನ್‌ಗೆ ಬೇರೆ ಹಳ್ಳ ಹುಡುಕಬೇಕು. ಒಪ್ಪಿದರೆ ಪಲ್ಪರ್ ಲೈನಿಗೆ ಒಂದು ನೀರಿನ ಮೀಟರ್ ಹಾಕಿಸಿಕೊಡಿ ಎಂದು ಕೇಳಬೇಕು. ಒಂದು ಟನ್ ಹಣ್ಣಿಗೆ ಎಷ್ಟು ಲೀಟರ್ ನೀರು ಹೋಯಿತೆಂಬ ಲೆಕ್ಕ ಸಿಕ್ಕದೆ ಹಳ್ಳಕ್ಕೆ ಬಿದ್ದ ಒಟ್ಟು ಹೊರೆ ಎಷ್ಟೆಂದು ಹೇಳಲಾಗದು, ರಿಯಾಕ್ಟರ್ ಎಷ್ಟು ದೊಡ್ಡದಿರಬೇಕು ಎಂದೂ ಹೇಳಲಾಗದು.